ನಮ್ಮ ಅಟ್ಟದ ಗಣಕಗಳು

ಹಳೆಯ ನಾಣ್ಯಗಳನ್ನು ಕೂಡಿಡುವವನನ್ನು ಜನ ರಸಿಕನೆನ್ನುತ್ತಾರೆ. ಅಂಚೆಚೀಟಿಗಳನ್ನು ಕೂಡಿಡುವ ಹುಡುಗನನ್ನು ಜಾಣನೆನ್ನುತ್ತಾರೆ. ಅಜ್ಜಿಯ ಕಾಲದ ಹಿತ್ತಾಳೆಯ ಹಂಡೆಯನ್ನು ತಿಕ್ಕಿ ಬೆಳಗಿ ದಿವಾನಖಾನೆಯಲ್ಲಿಡುವ ಗೃಹಿಣಿಯನ್ನು ಅಭಿರುಚಿಯುಳ್ಳವಳೆಂದು ನೆರೆಹೊರೆ ಕೊಂಡಾಡುತ್ತದೆ. ಹಳೆಯ ಗಣಕಯಂತ್ರಗಳನ್ನು ಕೂಡಿಡುವ ಮುದುಕನಿಗೆ ಏನೆನ್ನಬೇಕೆಂಬುದು ಮಾತ್ರ ನಮ್ಮ ರಾಯಚೂರಿನಲ್ಲಿ ಇನ್ನೂ ತೀರ್ಮಾನವಾಗಿಲ್ಲ. ನನ್ನ ಹೆಂಡತಿಯ ತಮ್ಮನು ಒಮ್ಮೆ ನಮ್ಮ ಅಟ್ಟವನ್ನು ಹತ್ತಿ ನೋಡಿ ಇಳಿದವನೇ ತನ್ನ ಅಕ್ಕನನ್ನು ಅಡಿಗೆಮನೆಗೆ ಕರೆದು, "ಮಾಮಾಗ ಒಮ್ಮೆ ಧಾರವಾಡದಾಗ ತೋರಿಸ್ಕೊಂಡು ಬರಬಾರ್ದಾ?" ಎಂದು ಕೇಳಿದನಂತೆ. ಧಾರವಾಡದಲ್ಲಿ ವಿಶ್ವವಿದ್ಯಾನಿಲಯವೂ ಇದೆ, ಪೇಢೆಯೂ ಇದೆ. ಆದರೆ ನಮ್ಮ ಕಡೆಯವರು ಮನುಷ್ಯರನ್ನು ಅಲ್ಲಿಗೆ 'ತೋರಿಸಲು' ಒಯ್ಯುವುದು ಯಾತಕ್ಕೆಂಬುದನ್ನು ಓದುಗರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಅಟ್ಟದ ಮೇಲೆ ಈಗ ಹನ್ನೊಂದು ಗಣಕಗಳಿವೆ. ಮೊದಲು ಅವು ನಡುಮನೆಯಲ್ಲಿದ್ದುವು. ಅಲ್ಲಿಂದ ಬೈಠಕ್ ಖೋಲಿಗೆ, ಅಲ್ಲಿಂದ ಮೊಗಸಾಲೆಗೆ, ಕೊನೆಗೆ ಅಟ್ಟಕ್ಕೆ ಗಡಿಪಾರಾದುವು. ಏಪ್ರಿಲ್, ಮೇ ತಿಂಗಳುಗಳಲ್ಲಿ ನಮ್ಮೂರಿನ ಅಟ್ಟವೆಂದರೆ ಹಂಚಿನ ಭಟ್ಟಿ. ಆಗ ಅವನ್ನೆಲ್ಲ ಕೆಳಗಿಳಿಸಿ ಪಂಖಾದ ಕೆಳಗಿಡುತ್ತೇನೆ. ರಜೆಗೆ ಬಂದ ಮೊಮ್ಮಕ್ಕಳಂತೆ ಅವು ಮನೆತುಂಬ ಹರಡಿಕೊಳ್ಳುತ್ತವೆ. ಇಷ್ಟೆಲ್ಲ ಯಂತ್ರಗಳಿದ್ದರೂ ವಿದ್ಯುತ್ತಿನ ಬಿಲ್ಲು ಕಟ್ಟಬೇಕಾದಾಗ ಮಗನ ಮೊಬೈಲಿಗೇ ಕೈಯೊಡ್ಡಬೇಕು ಎಂಬುದು ನನ್ನ ಮನೆಯಾಕೆಯ ಮುಖ್ಯ ಆಕ್ಷೇಪಣೆ. ಅದಕ್ಕೆ ನನ್ನಲ್ಲಿ ಉತ್ತರವಿಲ್ಲ.

ನಾನು ಹುಟ್ಟಾ ಸಂಗ್ರಾಹಕನಲ್ಲ. ಬ್ಯಾಂಕೊಂದರಲ್ಲಿ ಮೂವತ್ತೈದು ವರ್ಷ ಗುಮಾಸ್ತಿಕೆ ಮಾಡಿ 2011ರಲ್ಲಿ ನಿವೃತ್ತನಾದವನು. ನಮ್ಮ ಶಾಖೆಗೆ ಮೊದಲ ಲೆಡ್ಜರ್ ಯಂತ್ರ ಬಂದ ದಿನ, ಅದು ನಮ್ಮ ಅನ್ನ ಕಸಿಯುತ್ತದೆಂದು ಬಾಗಿಲಲ್ಲಿ ನಿಂತು ಘೋಷಣೆ ಕೂಗಿದವರಲ್ಲಿ ನಾನೂ ಒಬ್ಬ. ಅಂಥ ನನ್ನನ್ನು ಈ ದಾರಿಗೆ ಎಳೆದುದು ನನ್ನ ಅಣ್ಣ.

ಅಣ್ಣ ಮಾನ್ವಿಯಲ್ಲಿ ಹೈಸ್ಕೂಲಿನ ಕನ್ನಡ ಪಂಡಿತನಾಗಿದ್ದ. ಕೃಷ್ಣೆ ತುಂಗಭದ್ರೆಗಳ ನಡುವಣ ನಮ್ಮ ಎಡೆದೊರೆ ನಾಡು ದಾಸರ ನಾಡು. ಮಾನ್ವಿ ಜಗನ್ನಾಥದಾಸರು ಬಾಳಿದ ಊರು. ದೇವದುರ್ಗ ತಾಲ್ಲೂಕಿನ ಮೊಸರಕಲ್ಲು ಗೋಪಾಲದಾಸರ ಊರು. "ದಾಸರ ಪದ ಬರದಿಡಾಕ ಶಿಷ್ಯರಿದ್ರು. ಬೀಸೂಕಲ್ಲಿನ ಮುಂದ ಕೂತ ಹೆಣ್ಮಗಳಿಗೆ ಯಾವ ಶಿಷ್ಯ ಇದ್ದಾನ?" ಎಂದು ಅಣ್ಣ ಕೇಳುತ್ತಿದ್ದ. ಊರೂರಿಗೆ ಹಿಟ್ಟಿನ ಗಿರಣಿ ಬಂದು ಬೀಸುವ ಕಲ್ಲುಗಳು ಹಿತ್ತಿಲು ಸೇರುತ್ತಿದ್ದ ಕಾಲ ಅದು. ಕಲ್ಲು ನಿಂತರೆ ಹಾಡೂ ನಿಲ್ಲುತ್ತದೆ. ಪ್ರತಿ ಭಾನುವಾರ ಸೈಕಲ್ಲು ಹತ್ತಿ ಮಾನ್ವಿ, ದೇವದುರ್ಗ ತಾಲ್ಲೂಕುಗಳ ಹಳ್ಳಿಗಳಿಗೆ ಹೋಗುತ್ತಿದ್ದ. ಮುದುಕಿಯರ ಮುಂದೆ ಕುಳಿತು, ಅವರ ನಾಚಿಕೆ ಹೋಗುವವರೆಗೂ ಕಾದು, ಹಾಡಿದುದನ್ನು ಹಾಡಿದ ಹಾಗೆಯೇ ಬರೆದುಕೊಳ್ಳುತ್ತಿದ್ದ. ಇಪ್ಪತ್ತು ವರ್ಷಗಳಲ್ಲಿ ಗೆರೆ ಹಾಕಿದ ನೋಟುಬುಕ್ಕುಗಳು ಒಂದು ಟ್ರಂಕು ತುಂಬಿದುವು. ಅವುಗಳಲ್ಲೊಂದರ ತುಂಬ ನಮ್ಮ ಅವ್ವ ಹಾಡುತ್ತಿದ್ದ ಹಾಡುಗಳಿದ್ದುವು.

ನಿವೃತ್ತನಾದ ಮೇಲೆ, 1992ರಿಂದ 1995ರವರೆಗೆ, ಅಣ್ಣ ವಾರಕ್ಕೆರಡು ಸಲ ಬಸ್ಸು ಹತ್ತಿ ರಾಯಚೂರಿಗೆ ಬರತೊಡಗಿದ. ಇಲ್ಲಿ ಲಗ್ನಪತ್ರಿಕೆಗಳಿಗೆ ಅಕ್ಷರ ಜೋಡಿಸಿಕೊಡುವ ಡಿ.ಟಿ.ಪಿ. ಅಂಗಡಿಯ ತರುಣನೊಬ್ಬನ ಪಕ್ಕದಲ್ಲಿ ಕುಳಿತು, ಗಂಟೆಗಿಷ್ಟೆಂದು ಪಿಂಚಣಿಯಿಂದ ಹಣ ತೆತ್ತು, ಹಾಡುಗಳನ್ನೆಲ್ಲ ಗಣಕಕ್ಕೆ ಏರಿಸಿದ. ಆ ಕಾಲದ ಗಣಕಕ್ಕೆ ಕನ್ನಡ ತಾನಾಗಿ ಬರುತ್ತಿರಲಿಲ್ಲ. ಕಾನ್ಪುರದ ಐ.ಐ.ಟಿ.ಯಲ್ಲಿ ಮೊಳೆತು ಪುಣೆಯ ಸಿ-ಡ್ಯಾಕ್ ಸಂಸ್ಥೆಯಲ್ಲಿ ಬೆಳೆದ 'ಜಿಸ್ಟ್' ಎಂಬ ಕಾರ್ಡೊಂದಿತ್ತು. ಅದನ್ನು ಯಂತ್ರದ ಹೊಟ್ಟೆಯೊಳಗೆ ಸಿಕ್ಕಿಸಿದರೆ, ಇಂಗ್ಲಿಷನ್ನು ಬಿಟ್ಟು ಬೇರೇನೂ ಅರಿಯದ ಡಾಸ್ ಕಾರ್ಯಕ್ರಮಗಳೂ ಕನ್ನಡವನ್ನು ತೋರಿಸತೊಡಗುತ್ತಿದ್ದುವು. ಅದರ ಇನ್ನೊಂದು ಚಮತ್ಕಾರವನ್ನು ಅಣ್ಣ ನನಗೆ ಕರೆದು ತೋರಿಸಿದ್ದ: ಒಂದೇ ಗುಂಡಿಯನ್ನೊತ್ತಿದರೆ ಕನ್ನಡದ ಹಾಡು ತೆಲುಗು ಲಿಪಿಯಲ್ಲಿ ಕಾಣುತ್ತಿತ್ತು, ಮತ್ತೊಂದಕ್ಕೆ ನಾಗರಿಯಲ್ಲಿ. ಬ್ರಾಹ್ಮಿಯಿಂದ ಇಳಿದು ಬಂದ ನಮ್ಮ ಲಿಪಿಗಳ ವರ್ಣಮಾಲೆಯೆಲ್ಲ ಒಂದೇ ಕ್ರಮದ್ದಾದುದರಿಂದ 'ಕ' ಎಂಬುದಕ್ಕೆ ಎಲ್ಲ ಲಿಪಿಗಳಲ್ಲಿಯೂ ಒಂದೇ ಸಂಕೇತವನ್ನು ಕೊಟ್ಟಿದ್ದರು. 'ಇಸ್ಕಿ' ಎಂಬ ಈ ಸಂಕೇತಮಾಲೆಯನ್ನು 1991ರಲ್ಲಿ ಭಾರತೀಯ ಮಾನಕ ಸಂಸ್ಥೆಯೂ ಅಂಗೀಕರಿಸಿತು. ತೆಲುಗು ಗಡಿಯ ಊರಿನವರಾದ ನಮಗೆ ಇದೊಂದು ದೊಡ್ಡ ಸೋಜಿಗವಾಗಿತ್ತು. ಅಂಗಡಿಯ ತರುಣನ ತಾಯಿಗೆ ತೆಲುಗು ಮಾತ್ರ ಓದಲು ಬರುತ್ತಿತ್ತು. ಆಕೆ ಒಂದು ದಿನ ಬಾಗಿಲಲ್ಲಿ ನಿಂತು ನಮ್ಮ ಅವ್ವನ ಹಾಡನ್ನು ತೆಲುಗಿನಲ್ಲಿ ಓದಿ ನಕ್ಕಳೆಂದು ಅಣ್ಣ ಎಷ್ಟೋ ಸಲ ಹೇಳಿದ್ದಾನೆ.

ಹೀಗೆ ಹದಿನಾಲ್ಕು ಫ್ಲಾಪಿಗಳಾದುವು. ಇಂದಿನ ಮಕ್ಕಳಿಗೆ ಫ್ಲಾಪಿಯೆಂದರೆ ತಿಳಿಯದು. ಐದೂಕಾಲು ಅಂಗುಲದ ಕಪ್ಪು ಚೌಕ ಲಕೋಟೆ. ಒಳಗೆ ಕಬ್ಬಿಣದ ತುಕ್ಕನ್ನು ಸವರಿದ ತೆಳುವಾದ ಪ್ಲಾಸ್ಟಿಕ್ಕಿನ ಬಿಲ್ಲೆ. ಒಂದರಲ್ಲಿ ಸುಮಾರು ಹನ್ನೆರಡು ಲಕ್ಷ ಸಂಕೇತಗಳು ಹಿಡಿಯುತ್ತಿದ್ದುವು. ಇಂದು ಮೊಬೈಲಿನಲ್ಲಿ ತೆಗೆದ ಒಂದು ಮದುವೆಯ ಫೋಟೋ ಕೂಡ ಅದರಲ್ಲಿ ಹಿಡಿಯುವುದು ಕಷ್ಟ. ಹಾಡುಗಳು ಮಾತ್ರ ಧಾರಾಳವಾಗಿ ಹಿಡಿದುವು. "ಕಾಗದಕ್ಕ ಗೆದ್ದಲ ಹತ್ತತದ, ಇದಕ್ಕ ಹತ್ತೂದಿಲ್ಲ" ಎನ್ನುತ್ತ ಅಣ್ಣ ಅವನ್ನು ನನ್ನ ಮನೆಯ ಕಬ್ಬಿಣದ ಕಪಾಟಿನಲ್ಲಿಟ್ಟು, ನೋಟುಬುಕ್ಕುಗಳನ್ನು ಹಳ್ಳಿಯ ಮನೆಯಲ್ಲಿಟ್ಟ. ಪುಸ್ತಕವಾಗುವ ಯೋಗ ಬರಲಿಲ್ಲ. 2004ರಲ್ಲಿ ಅಣ್ಣ ತೀರಿಕೊಂಡ.

2009ರ ಸೆಪ್ಟೆಂಬರ್ ಕೊನೆಯಲ್ಲಿಯೂ ಅಕ್ಟೋಬರ್ ಮೊದಲಲ್ಲಿಯೂ ಉತ್ತರ ಕರ್ನಾಟಕದಲ್ಲಿ ಸುರಿದ ಮಳೆಯನ್ನು ನಮ್ಮ ಜಿಲ್ಲೆಯವರು ಮರೆಯಲಾರರು. ಬರಕ್ಕೆ ಹೆಸರಾದ ನಾಡಿನಲ್ಲಿ ನದಿಗಳೆರಡೂ ಊರೊಳಗೆ ಬಂದುವು. ನದಿಯಿಂದ ದೂರವಿದ್ದ ಊರುಗಳಲ್ಲಿ ಮಣ್ಣಿನ ಮಾಳಿಗೆಗಳು ನೆನೆನೆನೆದು ಕುಸಿದುವು. ಮಾನ್ವಿ ತಾಲ್ಲೂಕಿನ ನಮ್ಮ ಹಳ್ಳಿಯ ಮನೆಯೂ ಬಿತ್ತು. ವೈನಿಯವರು ಪುಣ್ಯಕ್ಕೆ ಮಗಳ ಮನೆಯಲ್ಲಿದ್ದರು. ವಾರದ ಮೇಲೆ ನಾನು ಹೋಗಿ ಮಣ್ಣನ್ನು ತೆಗೆಯಿಸಿದಾಗ ಟ್ರಂಕಿನೊಳಗೆ ಸಿಕ್ಕಿದುದು ಒಂದು ಮುದ್ದೆ. ಹಾಳೆಗಳನ್ನು ಬಿಡಿಸಲು ನೋಡಿದೆ, ಅಂಬಲಿಯನ್ನು ಬಿಡಿಸಬಹುದೇ? ಅಂದು ಸಂಜೆ ಮನೆಗೆ ಬಂದು, ಕಾಲು ತೊಳೆಯುವುದಕ್ಕೂ ಮೊದಲು ಕಪಾಟನ್ನು ತೆರೆದು ಹದಿನಾಲ್ಕು ಫ್ಲಾಪಿಗಳನ್ನು ಎಣಿಸಿದೆ.

ಇದ್ದುವು. ಆದರೆ ಓದುವ ಬಗೆ ಹೇಗೆ? ಡಿ.ಟಿ.ಪಿ. ಅಂಗಡಿ ಅಷ್ಟರಲ್ಲಿ ಫ್ಲೆಕ್ಸ್ ಫಲಕಗಳ ಅಂಗಡಿಯಾಗಿತ್ತು, ತರುಣ ನಡುವಯಸ್ಸಿನವನಾಗಿದ್ದ, ಹಳೆಯ ಯಂತ್ರವೂ ಅದರ ಕಾರ್ಡೂ ಎಂದೋ ತೂಕಕ್ಕೆ ಹೋಗಿದ್ದುವು. ನಿವೃತ್ತನಾದ ಮೇಲೆ ಪೇಟೆಯ ಗಣಕದಂಗಡಿಗಳನ್ನೆಲ್ಲ ಸುತ್ತಿದೆ. ಹೊಸ ಯಂತ್ರಗಳಲ್ಲಿ ಈ ದೊಡ್ಡ ಫ್ಲಾಪಿಯನ್ನು ನುಂಗುವ ಬಾಯೇ ಇಲ್ಲ. ಅಂಗಡಿಯ ಹುಡುಗನೊಬ್ಬ ಫ್ಲಾಪಿಯನ್ನು ತಿರುಗಿಸಿ ಮುರುಗಿಸಿ ನೋಡಿ, "ಅಂಕಲ್, ಇದು ಎಕ್ಸ್‌ರೇ ಏನ್ರಿ?" ಎಂದ.

ಆಗ ನಾನು ತೀನ್ ಕಂದೀಲಿನ ಆಚೆಯ ಗುಜರಿಯ ಅಂಗಡಿಗಳಿಗೆ ಹೋಗತೊಡಗಿದೆ. ಹಳೆಯ ಪಂಖಾ, ಮುರಿದ ಕುರ್ಚಿ, ಬ್ಯಾಟರಿಗಳ ರಾಶಿಯ ನಡುವೆ ಹಳದಿಗಟ್ಟಿದ ಗಣಕವೊಂದು ಮಗುಚಿ ಬಿದ್ದಿತ್ತು. "ತೂಕಕ್ಕ ತಗೋತೀರೋ, ನಗಕ್ಕ ತಗೋತೀರೋ ಸಾಹೇಬ್ರ?" ಎಂದು ಕೇಳಿದ ಅಂಗಡಿಯವ. ಎಂಟುನೂರಕ್ಕೆ ಮುಗಿಯಿತು. ಆಟೋದಿಂದ ಅದನ್ನಿಳಿಸಿದಾಗ ಮನೆಯಾಕೆ ಬಾಗಿಲಲ್ಲಿ ನಿಂತಿದ್ದಳು. ಆಕೆ ಅಂದು ಆಡಿದ ಮಾತನ್ನು ಇಲ್ಲಿ ಬರೆಯುವುದಿಲ್ಲ. ಮುಂದೆ ಹತ್ತು ಸಲ ಅದನ್ನೇ ಆಡಿದ್ದಾಳೆ.

ಬಿಚ್ಚಿ ನೋಡಿದರೆ ಒಳಗಿನ ಹಲಗೆಯ ಮೇಲೆ ನವಿಲುತುತ್ತದಂಥ ಹಸಿರು ಕಿಲುಬು. ಈ ಯಂತ್ರಗಳಿಗೆ ದಿನಾಂಕವನ್ನು ನೆನಪಿಡಲೆಂದು ಪುಟ್ಟ ಬ್ಯಾಟರಿಯೊಂದನ್ನು ಬೆಸೆದಿರುತ್ತಾರೆ. ವರ್ಷಗಳು ಕಳೆದ ಮೇಲೆ ಅದು ಸೋರಿ, ಕ್ಷಾರವು ತಾಮ್ರದ ಗೆರೆಗಳನ್ನು ತಿನ್ನುತ್ತದೆ. ಹಳೆಯ ಗಣಕಗಳಲ್ಲಿ ಬಹುಪಾಲು ಸಾಯುವುದು ಹೀಗೆಯೇ. ಮೊದಲ ಚಿಕಿತ್ಸೆ ಬ್ಯಾಟರಿಯನ್ನು ಕತ್ತರಿಸುವುದು. ಎರಡನೆಯದು ಕ್ಷಾರಕ್ಕೆ ಹುಳಿಯನ್ನು ಹಾಕುವುದು. ಅಡಿಗೆಮನೆಯಿಂದ ನಿಂಬೆಹಣ್ಣು ತಂದು, ಹಳೆಯ ಹಲ್ಲುಜ್ಜುವ ಕುಂಚದಿಂದ ಉಜ್ಜಿ, ನೀರಿನಿಂದ ತೊಳೆದು, ಮೇಲೆ ಐಸೊಪ್ರೊಪೈಲ್ ಸ್ಪಿರಿಟ್ಟಿನಿಂದ ಒರೆಸಿದೆ. ತುಂಡಾದ ತಾಮ್ರದ ಗೆರೆಗಳ ಮೇಲೆ ಕೂದಲಿನಂಥ ತಂತಿಯನ್ನಿಟ್ಟು ರೇಡಿಯೋ ರಿಪೇರಿಯ ಮುದುಕರೊಬ್ಬರು ಬೆಸೆದುಕೊಟ್ಟರು. ಆರು ವಾರಗಳ ಮೇಲೆ ಪರದೆಯ ಮೂಲೆಯಲ್ಲಿ ಒಂದು ಚುಕ್ಕೆ ಮಿನುಗಿತು. ಮೊಮ್ಮಗ ಹುಟ್ಟಿದ ಸುದ್ದಿ ಬಂದಾಗಲೂ ನಾನು ಅಷ್ಟು ಕೂಗಿರಲಿಲ್ಲವೆಂದು ಮನೆಯಲ್ಲಿ ಇಂದಿಗೂ ಮಾತಿದೆ.

ಯಂತ್ರ ಎದ್ದಿತು, ಫ್ಲಾಪಿಯ ಬಾಯಿ ಏಳಲಿಲ್ಲ. ಒಳಗಿನ ಓದುಮುಳ್ಳು ಜಖಂಗೊಂಡಿತ್ತು. ಅರಳೆ ಗಿರಣಿ, ಅಕ್ಕಿ ಗಿರಣಿಗಳ ಊರಿನ ದೂಳು ಅಂಥ ನಾಜೂಕಿನ ಅಂಗವನ್ನು ಉಳಿಸುವುದುಂಟೇ? ಆ ಹೊತ್ತಿಗಾಗಲೇ ರೋಗ ಅಂಟಿತ್ತು. ಫ್ಲಾಪಿಯ ಬಾಯಿಯನ್ನು ಹುಡುಕಿಕೊಂಡು ಹೈದರಾಬಾದಿನ ಗುಜರಿಗೆ ಹೋದವನು, ಅದಕ್ಕೇನೂ ಸಂಬಂಧವಿಲ್ಲದ ಬಿ.ಬಿ.ಸಿ. ಮೈಕ್ರೋ ಎಂಬ ಯಂತ್ರವನ್ನು ಹೊತ್ತು ತಂದೆ. 1984ರಲ್ಲಿ ಕೇಂದ್ರ ಸರ್ಕಾರವು ಶಾಲೆಯ ಮಕ್ಕಳಿಗೆ ಗಣಕವನ್ನು ಕಲಿಸಲು 'ಕ್ಲಾಸ್' ಎಂಬ ಯೋಜನೆಯನ್ನು ಆರಂಭಿಸಿದಾಗ ದೇಶದ ಶಾಲೆಗಳಿಗೆ ಹಂಚಿದ್ದು ಇಂಗ್ಲೆಂಡಿನ ಏಕಾರ್ನ್ ಕಂಪನಿಯ ಈ ಯಂತ್ರವನ್ನೇ. ನೆನಪಿನ ಶಕ್ತಿ ಕೇವಲ 32 ಕಿಲೋಬೈಟು. ಕೀಲಿಮಣೆಯ ಮೇಲುಗಡೆ ಕೆಂಪು ಗುಂಡಿಗಳ ಸಾಲು. ನೋಡಲು ಬಲು ಮುದ್ದು. ಮನೆಗೆ ತಂದ ಉತ್ಸಾಹದಲ್ಲಿ ಹಿಂದುಮುಂದು ನೋಡದೆ ಸ್ವಿಚ್ಚನ್ನೊತ್ತಿದೆ. ಹತ್ತು ನಿಮಿಷ ಸುಖವಾಗಿ ನಡೆಯಿತು. ಆಮೇಲೆ 'ಫಟ್' ಎಂದು ಸದ್ದಾಗಿ, ಸುಟ್ಟ ಮೀನಿನಂಥ ವಾಸನೆಯ ಹೊಗೆ ನಡುಮನೆಯನ್ನೆಲ್ಲ ತುಂಬಿತು. ಮನೆಯಾಕೆ ಬಚ್ಚಲಿನಿಂದ ಕೊಡ ಹಿಡಿದು ಓಡಿ ಬಂದಳು. ನಾನು ಯಂತ್ರಕ್ಕೆ ಅಡ್ಡನಿಂತೆ. ನೀರು ನನ್ನ ಮೇಲೆ ಬಿತ್ತು, ಯಂತ್ರ ಉಳಿಯಿತು. ವಿದ್ಯುತ್ ಪೆಟ್ಟಿಗೆಯೊಳಗಿನ ಕಾಗದದ ಕೆಪ್ಯಾಸಿಟರುಗಳು ವಯಸ್ಸಾದಂತೆ ಬಿರುಕುಬಿಟ್ಟು ಗಾಳಿಯ ತೇವವನ್ನು ಹೀರಿ ಹೀಗೆ ಸಿಡಿಯುವುದು ಈ ಯಂತ್ರಗಳ ಕುಲಧರ್ಮವೆಂದೂ, ಸ್ವಿಚ್ಚು ಒತ್ತುವ ಮೊದಲೇ ಅವನ್ನು ಬದಲಿಸಬೇಕೆಂದೂ ಅನಂತರ ತಿಳಿದೆ.

ನಮ್ಮ ಊರಿನ ಬಿಸಿಲನ್ನು ಎಲ್ಲರೂ ಬಯ್ಯುತ್ತಾರೆ. ಅದರಿಂದಲೂ ಒಂದು ಉಪಕಾರವಿದೆ. ಹಳದಿಗಟ್ಟಿದ ಪ್ಲಾಸ್ಟಿಕ್ಕಿಗೆ ಹೈಡ್ರೊಜನ್ ಪೆರಾಕ್ಸೈಡಿನ ಲೇಪ ಹಚ್ಚಿ, ಮೇಲೆ ತೆಳು ಹಾಳೆಯನ್ನು ಮುಚ್ಚಿ ಬಿಸಿಲಿನಲ್ಲಿಟ್ಟರೆ ಮೊದಲಿನ ಬಿಳುಪು ಮರಳುತ್ತದೆ. ಈ ಲೇಪವು ಕೂದಲಿಗೆ ಬಣ್ಣ ಹಚ್ಚುವ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ. ಅಂಗಡಿಯವನು ನನ್ನ ಬೋಳುತಲೆಯನ್ನೊಮ್ಮೆ, ನಾನು ಕೇಳಿದ ನಾಲ್ಕು ಡಬ್ಬಿಗಳನ್ನೊಮ್ಮೆ ನೋಡಿ ಏನೂ ಕೇಳದೆ ಕಟ್ಟಿಕೊಟ್ಟ. ಇಂಗ್ಲೆಂಡಿನವರು ಈ ಕೆಲಸಕ್ಕೆ ದೀಪಗಳನ್ನುರಿಸುತ್ತಾರಂತೆ. ನಮ್ಮ ಮಾಳಿಗೆಯ ಮೇಲೆ ಏಪ್ರಿಲ್ಲಿನ ಬೆಳಗಿನ ಮೂರು ಗಂಟೆಗಳು ಸಾಕು. ಮಧ್ಯಾಹ್ನಕ್ಕೆ ಬಿಟ್ಟರೆ ಲೇಪ ಒಣಗಿ ಪಟ್ಟೆಪಟ್ಟೆಯಾಗುತ್ತದೆ. ತೊಂದರೆಯೆಂದರೆ ಅದೇ ಹೊತ್ತಿಗೆ ಅದೇ ಮಾಳಿಗೆಯ ಮೇಲೆ ಸಂಡಿಗೆ ಹಪ್ಪಳಗಳೂ ಒಣಗಬೇಕು. ಈ ಗಡಿತಂಟೆ ವರ್ಷವರ್ಷವೂ ಏಳುತ್ತದೆ.

ಇರಲಿ, ಅಣ್ಣನ ಫ್ಲಾಪಿಗಳ ಮಾತು. ದೇವದುರ್ಗದಲ್ಲಿ ಒಬ್ಬರ ಬಳಿ ಹಳೆಯ ಗಣಕವೊಂದಿದೆಯೆಂದು ಬಸ್ಸಿನಲ್ಲಿ ಪರಿಚಯವಾದವರೊಬ್ಬರು ಹೇಳಿದರು. ಹೋದೆ. 1990ರ ದಶಕದಲ್ಲಿ ಊರ ಹುಡುಗರಿಗೆ ಡಾಸ್, ವರ್ಡ್‌ಸ್ಟಾರ್, ಡಿಬೇಸ್ ಕಲಿಸುತ್ತಿದ್ದ ಹಿರಿಯರು. ತರಗತಿ ನಿಂತು ಎಷ್ಟೋ ಕಾಲವಾಗಿತ್ತು. ಒಂದು ಯಂತ್ರವನ್ನು ಮಾತ್ರ ಅವರು ಹೊದಿಕೆ ಹಾಕಿ, ಒಳಕೋಣೆಯಲ್ಲಿ ಮಣೆಯ ಮೇಲಿಟ್ಟಿದ್ದರು. ಅದರ ನೆತ್ತಿಯ ಮೇಲೆ ಕುಂಕುಮದ ಪದರುಗಳು ಒಂದರ ಮೇಲೊಂದು ಕೂತಿದ್ದುವು. ವರ್ಷಕ್ಕೊಮ್ಮೆ ಆಯುಧಪೂಜೆಯ ದಿನ ಅದಕ್ಕೆ ಹೂವು ಕಾಯಿ ತಪ್ಪಿರಲಿಲ್ಲ. ಫ್ಲಾಪಿಯ ಬಾಯಿಗೆ, ಇಪ್ಪತ್ತು ವರ್ಷಗಳ ಹಿಂದೆ ಪೆಟ್ಟಿಗೆಯೊಡನೆ ಬಂದಿದ್ದ ರಟ್ಟಿನ ಕಾಪು ಹಾಗೆಯೇ ಇತ್ತು. ದೂಳಿನ ಒಂದು ಕಣವೂ ಒಳಗೆ ಹೋಗಿರಲಿಲ್ಲ. ನಾನು ಅಣ್ಣನ ಕತೆಯನ್ನು ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, "ಮಾರೂದಿಲ್ರಿ. ಒಯ್ರಿ. ಮಹಾನವಮಿಗೆ ಪೂಜಿ ಮಾತ್ರ ತಪ್ಪಸಬ್ಯಾಡ್ರಿ" ಎಂದರು. ಬಸ್ಸಿನಲ್ಲಿ ರಾಯಚೂರಿನವರೆಗೂ ಅದನ್ನು ತೊಡೆಯ ಮೇಲಿಟ್ಟುಕೊಂಡು ಬಂದೆ. ಕಂಡಕ್ಟರು ಅದಕ್ಕೂ ಟಿಕೆಟ್ಟು ಹರಿದ.

ಆ ರಾತ್ರಿ ಮಗನೂ ನಾನೂ ಮೊದಲ ಫ್ಲಾಪಿಯನ್ನು ಹಾಕಿದೆವು. ಕೆಂಪು ದೀಪ ಹತ್ತಿತು. ಒಳಗೆ ಗರಗರ ಸದ್ದಾಯಿತು, ದೂರದಲ್ಲೆಲ್ಲೋ ಕಲ್ಲು ಬೀಸಿದಂತೆ. ಕಡತಗಳ ಪಟ್ಟಿ ಬಂದಿತು. ಒಂದನ್ನು ತೆರೆದರೆ ಪರದೆಯ ತುಂಬ ಟೊಪ್ಪಿಗೆ ಹಾಕಿಕೊಂಡ ರೋಮನ್ ಅಕ್ಷರಗಳು, ಗ್ರೀಕರ ಅಕ್ಷರಗಳು, ಹೆಸರಿಲ್ಲದ ಚಿಹ್ನೆಗಳು. ಒಂದು ಕನ್ನಡ ಅಕ್ಷರವೂ ಇಲ್ಲ. ಆ ಕಾರ್ಡು ಇಲ್ಲದ ಯಂತ್ರಕ್ಕೆ ಅಣ್ಣನ ಸಂಕೇತಗಳೆಲ್ಲ ಪರಭಾಷೆ. ಮಗ, "ನಾಳೆ ನೋಡೂಣು, ಮಲಗ್ರಿ ಅಪ್ಪಾ" ಎಂದು ಎದ್ದು ಹೋದ. ನನಗೆ ನಿದ್ದೆ ಬರುವಂತಿರಲಿಲ್ಲ.

ನಮ್ಮ ಊರಿನ ಕೋಟೆಯ ಗೋಡೆಯಲ್ಲಿ 41 ಅಡಿ ಉದ್ದದ ಒಂದು ಬಂಡೆಯಿದೆ. ಅದರ ಮೇಲಿನ 1294ನೆಯ ಇಸವಿಯ ತೆಲುಗು ಶಾಸನವನ್ನು ಬಲ್ಲವರು ಇಂದೂ ಓದುತ್ತಾರೆ. ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಎಂಬುವನು ಕಂಡ ಬಂಡೆಯಲ್ಲಿ 'ಅಶೋಕ' ಎಂಬ ಹೆಸರೇ ಸಿಕ್ಕಿ, 'ದೇವಾನಾಂಪ್ರಿಯ'ನು ಯಾರೆಂಬುದು ಖಚಿತವಾಯಿತು. ಎರಡು ಸಾವಿರ ವರ್ಷಕ್ಕೂ ಹಿಂದಿನ ಅರಸನ ಮಾತನ್ನು ಓದಬಹುದು. ಇಪ್ಪತ್ತು ವರ್ಷಗಳ ಹಿಂದೆ ನನ್ನ ಅಣ್ಣ ಬರೆಯಿಸಿದುದನ್ನು ಓದಲಾಗದು! ಸಿಟ್ಟಿನಿಂದಲೇ ಒಂದು ಕಾಗದವನ್ನು ತೆಗೆದುಕೊಂಡು ಕುಳಿತೆ. ಮೊದಲ ಸಾಲಿನ ಮೊದಲ ಮಾತಿನಲ್ಲಿ ನಾಲ್ಕು ಚಿಹ್ನೆಗಳಿದ್ದುವು. ಎರಡನೆಯದೂ ನಾಲ್ಕನೆಯದೂ ಒಂದೇ. ಮೂರನೆಯದು ಪುಟದ ತುಂಬ ಚೆಲ್ಲಿಕೊಂಡಿತ್ತು. ಎಷ್ಟೋ ಕಡೆ ಅದರ ಎರಡು ಪಕ್ಕದಲ್ಲಿಯೂ ಒಂದೇ ಚಿಹ್ನೆ. ನಮ್ಮ ಕನ್ನಡದಲ್ಲಿ ಅಷ್ಟು ಸಲ ಬರುವುದು ಒತ್ತಕ್ಷರವಲ್ಲದೆ ಮತ್ತೇನು? ಹಾಗಾದರೆ ಇದು ಅಪ್ಪ, ಅಕ್ಕ, ಅಜ್ಜ, ಏನೂ ಆಗಬಹುದು. ಬೆಳಗಿನ ಜಾವ ನಾಲ್ಕು ಗಂಟೆಗೆ, ಅದೇ ಚಿಹ್ನೆ ಬೇರೆ ಮಾತುಗಳಲ್ಲಿ ಎಲ್ಲೆಲ್ಲಿದೆಯೆಂದು ಹುಡುಕಿ ಹುಡುಕಿ ತಾಳೆ ನೋಡಿದ ಮೇಲೆ, ಅದು 'ಅವ್ವ' ಎಂದು ತಿಳಿಯಿತು.

ಮರುದಿನ ಮಗನು ಇಸ್ಕಿಯ ಪಟ್ಟಿಯನ್ನು ಹುಡುಕಿ ತೆಗೆದ. ಈಗಿನ ಯೂನಿಕೋಡಿನಲ್ಲಿ ಕನ್ನಡದ ಅಕ್ಷರಗಳ ಜೋಡಣೆಯೂ ಇಸ್ಕಿಯ ಮಾದರಿಯದೇ ಆದುದರಿಂದ, ಚಿಹ್ನೆಗೆ ಚಿಹ್ನೆಯನ್ನು ಹೊಂದಿಸುವ ಪುಟ್ಟ ಕಾರ್ಯಕ್ರಮವೊಂದನ್ನು ಅವನು ಎರಡು ಸಂಜೆಯಲ್ಲಿ ಬರೆದ. ನನ್ನ ರಾತ್ರಿಯ ಪಾಡು ಅನಾವಶ್ಯಕವಾಗಿತ್ತೆಂದು ಅವನ ಅಭಿಪ್ರಾಯ. ಅಕ್ಷರಗಳ ಪಟ್ಟಿ ಎಲ್ಲಾದರೂ ಸಿಕ್ಕೀತು. ಆದರೆ ಆ ಬಿಲ್ಲೆಯ ಮೇಲಿನ ಕಾಂತದ ಗುರುತನ್ನು ಎತ್ತಿಕೊಡಲು ಹಳೆಯ ಕಬ್ಬಿಣವೇ ಬೇಕು. ಹದಿನಾಲ್ಕರಲ್ಲಿ ಒಂಬತ್ತು ಫ್ಲಾಪಿಗಳು ದೇವದುರ್ಗದ ಯಂತ್ರದಲ್ಲಿ ನೇರವಾಗಿ ಬಂದುವು. ಒಂದೊಂದಕ್ಕೂ ಮೊದಲು ಓದುಮುಳ್ಳನ್ನು ಸ್ಪಿರಿಟ್ಟಿನಲ್ಲಿ ಒರೆಸಬೇಕಾಯಿತು. ಬೂಷ್ಟು ಹಿಡಿದಿದ್ದ ಮೂರನ್ನು ಲಕೋಟೆ ಕತ್ತರಿಸಿ, ಬಿಲ್ಲೆಯನ್ನು ತೆಗೆದು ತೊಳೆದು, ಬೇರೆ ಲಕೋಟೆಯಲ್ಲಿ ತೂರಿಸಿದೆವು. ಆಮೇಲೆ ಮಗನು ತರಿಸಿದ 'ಗ್ರೀಸ್‌ವೀಝಲ್' ಎಂಬ ಪುಟ್ಟ ಹಲಗೆಯ ಸಹಾಯದಿಂದ ಅವೂ ಬಂದುವು. ಅದು ಅಕ್ಷರಗಳ ಗೊಡವೆಗೆ ಹೋಗದೆ ಬಿಲ್ಲೆಯ ಕಾಂತದ ಏರಿಳಿತವನ್ನೇ ಬರೆದುಕೊಳ್ಳುತ್ತದೆ. ಆದರೂ ಅದಕ್ಕೆ ಹಳೆಯ ಫ್ಲಾಪಿಯ ಬಾಯಿ ಬೇಕೇ ಬೇಕು.

ಈ ಮೇಲೆ ಉಳಿದ ಯಂತ್ರಗಳು ಬಂದ ಬಗೆಯನ್ನು ಹೇಳಿ ಬೇಸರಪಡಿಸುವುದಿಲ್ಲ. ಸುದ್ದಿ ಹಬ್ಬಿತು, ಜನ ತಾವಾಗಿಯೇ ತಂದುಕೊಡತೊಡಗಿದರು. ಯಾರದೋ ತಂದೆಯ ಆತ್ಮಚರಿತ್ರೆಯ ಫ್ಲಾಪಿ, ಯಾರದೋ ಸಹಕಾರ ಸಂಘದ ಹಳೆಯ ಲೆಕ್ಕ. ಅಮೆರಿಕದ ಸಿಯಾಟಲ್ಲಿನಲ್ಲಿ ಪಾಲ್ ಆ್ಯಲನ್ ಎಂಬ ಕೋಟ್ಯಧೀಶನು ಹಳೆಯ ಗಣಕಗಳನ್ನು ನಡೆಯುವ ಸ್ಥಿತಿಯಲ್ಲಿಟ್ಟು, ಬಂದವರು ಮುಟ್ಟಿ ನೋಡುವಂತೆ ದೊಡ್ಡ ವಸ್ತುಸಂಗ್ರಹಾಲಯವನ್ನು ಕಟ್ಟಿದ್ದ. ಅವನು 2018ರಲ್ಲಿ ತೀರಿಕೊಂಡ. ಅದು 2020ರಲ್ಲಿ ಬಾಗಿಲು ಹಾಕಿತು. 2024ರಲ್ಲಿ ಅಲ್ಲಿಯ ವಸ್ತುಗಳು ಹರಾಜಾದುವು. ಆ ಸುದ್ದಿ ಓದಿದ ದಿನ ನನ್ನ ಹೊಟ್ಟೆಯಲ್ಲಿ ಏನೋ ಆಯಿತು. ನಾನು ಹೋದ ಮೇಲೆ ತೀನ್ ಕಂದೀಲಿನ ಅಂಗಡಿಯವನು ಆಟೋ ತೆಗೆದುಕೊಂಡು ಬರುವುದು ಕಣ್ಣಿಗೆ ಕಟ್ಟಿತು. ತೂಕಕ್ಕೋ, ನಗಕ್ಕೋ!

ಮನೆಯಾಕೆಗೆ ಅದನ್ನು ಹೇಳಿದೆ. ಆಕೆ ಅಕ್ಕಿ ಆರಿಸುತ್ತ, "ಮಹಾನವಮಿಗೆ ಕುಂಕುಮ ಹಚ್ಚಿದ್ದನ್ನ ಯಾರರ ಗುಜರಿಗೆ ಹಾಕ್ತಾರೇನ್ರೀ?" ಎಂದಳು. ನಮ್ಮ ಮನೆಯಲ್ಲಿ ದೇವದುರ್ಗದ ಕರಾರು ಈಗ ಹನ್ನೊಂದಕ್ಕೂ ಅನ್ವಯಿಸುತ್ತದೆ; ಹೂವು ಏರಿಸುವವಳು ಆಕೆಯೇ.

ಓದಲು ಬಾರದ ಎರಡು ಫ್ಲಾಪಿಗಳು ಕಪಾಟಿನಲ್ಲಿವೆ. ಒಂದರ ಬಿಲ್ಲೆಯ ಮೇಲೆ ಉಂಗುರದಂತೆ ಗೀರು ಬಿದ್ದು ಪದರವೇ ಕಿತ್ತುಹೋಗಿದೆ. ಅದರ ಆಸೆಯನ್ನು ಬಿಟ್ಟಿದ್ದೇನೆ. ಇನ್ನೊಂದರ ಮೇಲೆ ಅಣ್ಣನ ದುಂಡು ಅಕ್ಷರದಲ್ಲಿ ದೇವದುರ್ಗ ಸೀಮೆಯ ಮೂರು ಹಳ್ಳಿಗಳ ಹೆಸರುಗಳಿವೆ. ಅದಕ್ಕೆ ಬೇರೊಂದು ಫ್ಲಾಪಿಯ ಬಾಯಿ ಹೊಂದೀತೆಂದು ಮಗನ ಊಹೆ: ಅಂಗಡಿಯ ಹಳೆಯ ಯಂತ್ರದ ಓದುಮುಳ್ಳು ಕೊನೆಕೊನೆಗೆ ಕೂದಲೆಳೆಯಷ್ಟು ಓರೆಯಾಗಿದ್ದಿರಬಹುದು, ಅಷ್ಟೇ ಓರೆಯಾದ ಇನ್ನೊಂದು ಸಿಕ್ಕಬೇಕು, ಇಲ್ಲವೆ ಇರುವುದನ್ನೇ ತಿರುಪನ್ನು ಸಡಿಲಿಸಿ ಓರೆ ಮಾಡಬೇಕು. ದೇವದುರ್ಗದ ಯಂತ್ರಕ್ಕೆ ತಿರುಪುಳಿ ಹಾಕಲು ನನಗೆ ಮನಸ್ಸಿಲ್ಲ. ಮುಂದಿನ ವಾರ ಗುಜರಿಯ ಅಂಗಡಿಯವನು ಬರಹೇಳಿದ್ದಾನೆ. ಯಾವುದೋ ಹಳೆಯ ಕಚೇರಿಯ ಸಾಮಾನು ಬಂದಿದೆಯಂತೆ.